ಹಣ ಕೈ ದಾಟುವ ಬಗೆ

ಮಡಿಕೇರಿಯ ಶುಕ್ರವಾರದ ಸಂತೆಯಲ್ಲಿ, ಮಳೆಗಾಲದ ಒಂದು ದಿನ, ಸೊಪ್ಪು ಮಾರುವ ಹೆಂಗಸಿನ ಮುಂದೆ ಇಬ್ಬರು ಗಿರಾಕಿಗಳು ನಿಂತಿರುವರೆಂದು ಭಾವಿಸೋಣ. ಮೊದಲನೆಯವರು ವಯಸ್ಸಾದವರು. ಕೊಡೆಯನ್ನು ಭುಜಕ್ಕೆ ಒರಗಿಸಿಕೊಂಡು ಐನೂರು ರೂಪಾಯಿಯ ನೋಟೊಂದನ್ನು ನೀಡುತ್ತಾರೆ. ಆಕೆ ಅದನ್ನು ಬೆಳಕಿಗೆ ಹಿಡಿದು, ತುಸು ಓರೆಮಾಡಿ, ಹೆಬ್ಬೆರಳಿನಿಂದ ಅಂಚನ್ನು ಸವರಿ ನೋಡಿ, ಚೀಲಕ್ಕೆ ಸೇರಿಸಿ, ಚಿಲ್ಲರೆ ಎಣಿಸಿ ಕೊಡುತ್ತಾಳೆ. ಎರಡನೆಯವನು ಕಾಲೇಜಿನ ಹುಡುಗ. ಬುಟ್ಟಿಯ ಪಕ್ಕದಲ್ಲಿ ನಿಲ್ಲಿಸಿರುವ ಕ್ಯೂಆರ್ ಚೌಕಕ್ಕೆ ಫೋನು ಹಿಡಿದು, ಗುಟ್ಟಿನ ಅಂಕಿಗಳನ್ನೊತ್ತಿ ನಿಲ್ಲುತ್ತಾನೆ. ಆಕೆ ಅವನ ಫೋನನ್ನು ನೋಡುವುದೇ ಇಲ್ಲ. ಪಕ್ಕದ ಪುಟ್ಟ ಪೆಟ್ಟಿಗೆ 'ಹಣ ಬಂದಿದೆ' ಎಂದು ನುಡಿಯುವವರೆಗೆ ಸೊಪ್ಪಿನ ಕಟ್ಟು ಆಕೆಯ ಕೈಯಲ್ಲಿಯೇ ಉಳಿಯುತ್ತದೆ.

ಆಕೆಗೆ ಈ ಇಬ್ಬರೂ ಅಪರಿಚಿತರು. ಆದರೂ ಇಬ್ಬರಲ್ಲಿ ಯಾರೊಬ್ಬರನ್ನೂ ನಂಬಬೇಕಾದ ಅಗತ್ಯ ಆಕೆಗೆ ಬೀಳಲಿಲ್ಲ. ಮೊದಲನೆಯ ಸಂದರ್ಭದಲ್ಲಿ ಆಕೆ ಪರೀಕ್ಷಿಸಿದುದು ಒಂದು ವಸ್ತುವನ್ನು; ಎರಡನೆಯ ಸಂದರ್ಭದಲ್ಲಿ ಕಾದುದು ಒಂದು ಸುದ್ದಿಗಾಗಿ. ನಗದಿಗೂ ಕಾರ್ಡಿಗೂ ಇರುವ ಭೇದವೆಲ್ಲ ಇಲ್ಲಿಂದಲೇ ಹುಟ್ಟುತ್ತದೆಂದು ನಮ್ಮ ಅಭಿಪ್ರಾಯ. ಭೌತಶಾಸ್ತ್ರದ ಮಾತಿನಲ್ಲಿ ಹೇಳುವುದಾದರೆ, ನೋಟು ದ್ರವ್ಯದಂತೆ ಸಂರಕ್ಷಣೆಯ ನಿಯಮಕ್ಕೆ ಒಳಪಟ್ಟುದು. ಅದು ಒಬ್ಬನ ಕೈಯಲ್ಲಿರುವಾಗ ಇನ್ನೊಬ್ಬನ ಕೈಯಲ್ಲಿರಲಾರದು. ಒಂದು ಕೈಯನ್ನು ಬಿಟ್ಟ ಕ್ಷಣವೇ ಇನ್ನೊಂದನ್ನು ಸೇರಿರುತ್ತದೆ. ಕಾರ್ಡಿನ ಅಥವಾ ಫೋನಿನ ಹಿಂದಿರುವ ಹಣವಾದರೋ ಬರಿಯ ಸಂಖ್ಯೆ. ಸಂಖ್ಯೆಯನ್ನು ಎಷ್ಟು ಸಲವಾದರೂ ನಕಲು ಮಾಡಬಹುದು. ಆದುದರಿಂದ ಆ ಸಂಖ್ಯೆಯನ್ನು ಒಬ್ಬ ಲೆಕ್ಕಿಗನು ಎಲ್ಲೋ ಕಾಯ್ದಿಟ್ಟುಕೊಂಡಿರಬೇಕು; ಪ್ರತಿಸಲವೂ ಅವನನ್ನು ಕೇಳಬೇಕು; ಅವನ ಉತ್ತರ ಹಿಂದಿರುಗಬೇಕು. ಕೇಳಲು ದಾರಿಯೊಂದು ಬೇಕು. ಕೊಡಗಿನಂತಹ ಗುಡ್ಡಗಾಡಿನಲ್ಲಿ, ಮಳೆಯ ನಾಲ್ಕು ತಿಂಗಳಲ್ಲಿ, ಈ ದಾರಿಯ ಪ್ರಶ್ನೆ ಸಣ್ಣದಲ್ಲ.

ನೋಟು ನುಡಿಯುವ ಸಾಕ್ಷ್ಯ

ಮಡಿಕೇರಿಯಿಂದ ಸುಮಾರು ೧೨೦ ಕಿಲೋಮೀಟರ್ ದೂರದ ಮೈಸೂರಿನಲ್ಲಿ ನೋಟು ಮುದ್ರಿಸುವ ಕಾರ್ಖಾನೆಯಿರುವುದು ನಮ್ಮ ವಿದ್ಯಾರ್ಥಿಗಳಲ್ಲಿ ಅನೇಕರಿಗೆ ತಿಳಿಯದು. ರಿಜರ್ವ್ ಬ್ಯಾಂಕಿನ ಅಂಗಸಂಸ್ಥೆಯಾಗಿ ೧೯೯೫ರಲ್ಲಿ ಸ್ಥಾಪಿತವಾದ ನೋಟು ಮುದ್ರಣ ಸಂಸ್ಥೆಗೆ ಎರಡು ಮುದ್ರಣಾಲಯಗಳುಂಟು. ಒಂದು ಮೈಸೂರಿನಲ್ಲಿ, ಇನ್ನೊಂದು ಪಶ್ಚಿಮ ಬಂಗಾಳದ ಸಾಲ್ಬೋನಿಯಲ್ಲಿ. ನೋಟಿನ ಕಾಗದವನ್ನು ತಯಾರಿಸುವ ಗಿರಣಿಯೊಂದೂ ಮೈಸೂರಿನಲ್ಲಿದೆ. ಈ ಕಾಗದ ಮರದ ತಿರುಳಿನಿಂದಾದುದಲ್ಲ, ಹತ್ತಿಯಿಂದಾದುದು. ಹತ್ತಿಯ ಎಳೆಗಳು ನೀಳವಾಗಿ ಒಂದರೊಳಗೊಂದು ಹೆಣೆದುಕೊಳ್ಳುವುದರಿಂದ ನೋಟು ಮಳೆಯಲ್ಲಿ ನೆನೆದರೂ ದಿನಪತ್ರಿಕೆಯಂತೆ ಮುದ್ದೆಯಾಗುವುದಿಲ್ಲ. ಅಂಗಿಯ ಜೇಬಿನಲ್ಲಿ ಮರೆತ ನೋಟು ಒಗೆದ ಮೇಲೂ ಬದುಕಿರುವುದನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ವಾಚಕರು ಈಗ ಚಲಾವಣೆಯಲ್ಲಿರುವ ಐನೂರರ ನೋಟೊಂದನ್ನು ಕೈಗೆತ್ತಿಕೊಳ್ಳಲಿ. ಉದ್ದ ೧೫೦ ಮಿಲಿಮೀಟರ್, ಅಗಲ ೬೬ ಮಿಲಿಮೀಟರ್. ಬೆಳಕಿಗೆ ಹಿಡಿದಾಗ ಕಾಣುವ ನೀರಚ್ಚಿನ ಚಿತ್ರವನ್ನು ಶಾಯಿಯಿಂದ ಬರೆದಿಲ್ಲ. ಕಾಗದ ಇನ್ನೂ ಹಸಿಯಾಗಿರುವಾಗಲೇ ಅದರ ದಪ್ಪವನ್ನು ಅಲ್ಲಲ್ಲಿ ಹೆಚ್ಚು ಕಡಿಮೆ ಮಾಡಿರುತ್ತಾರೆ. ತೆಳುವಾದೆಡೆ ಬೆಳಕು ಹೆಚ್ಚಾಗಿ ಹಾದುಬರುತ್ತದೆ. ಗಾಂಧೀಜಿಯವರ ಚಿತ್ರವನ್ನು ಬೆರಳಿನಿಂದ ಸವರಿದರೆ ಒರಟಾಗಿ ತೋರುತ್ತದೆ. ಲೋಹದ ಫಲಕದಲ್ಲಿ ಕೊರೆದ ಗೆರೆಗಳೊಳಗೆ ಶಾಯಿ ತುಂಬಿ, ಅಪಾರ ಒತ್ತಡದಿಂದ ಕಾಗದವನ್ನು ಅದರ ಮೇಲೆ ಅದುಮಿದುದರ ಫಲವಿದು. ಎಡಬಲದ ಅಂಚುಗಳಲ್ಲಿರುವ ಐದೈದು ಉಬ್ಬುಗೆರೆಗಳೂ ಹೀಗೆಯೇ ಆದುವು. ಕಣ್ಣು ಕಾಣದವರು ನೋಟಿನ ಬೆಲೆಯನ್ನು ಬೆರಳಿನಿಂದ ಓದಲೆಂದು ಅವುಗಳನ್ನು ಇಟ್ಟಿದ್ದಾರೆ. ಇನ್ನು ಭದ್ರತೆಯ ದಾರ: ನೋಟನ್ನು ಓರೆಮಾಡಿದಂತೆ ಇದರ ಬಣ್ಣ ಹಸುರಿನಿಂದ ನೀಲಿಗೆ ತಿರುಗುತ್ತದೆ. ಮಳೆ ನಿಂತ ರಸ್ತೆಯ ಮೇಲೆ ಎಣ್ಣೆಯ ತೆಳುಪೊರೆ ಕಾಮನಬಿಲ್ಲಿನಂತೆ ಮಿನುಗುವುದನ್ನು ಎಲ್ಲರೂ ಬಲ್ಲರು. ಪೊರೆಯ ಮೇಲ್ಮೈಯಿಂದಲೂ ಕೆಳಮೈಯಿಂದಲೂ ಪ್ರತಿಫಲಿಸಿದ ಅಲೆಗಳು ಒಂದನ್ನೊಂದು ಕೂಡಿ, ಕೋನಕ್ಕೆ ತಕ್ಕಂತೆ ಒಂದು ಬಣ್ಣವನ್ನು ಹೆಚ್ಚಿಸಿ ಇನ್ನೊಂದನ್ನು ಅಳಿಸುತ್ತವೆ. ದಾರದಲ್ಲಿ ನಡೆಯುವುದೂ ಇಂತಹುದೇ ವ್ಯಾಪಾರ. ಸಾಮಾನ್ಯ ಮುದ್ರಣಯಂತ್ರವು ಬಣ್ಣವನ್ನು ನಕಲು ಮಾಡಬಲ್ಲುದು, ಬಣ್ಣದ ಬದಲಾವಣೆಯನ್ನಲ್ಲ.

ಹೀಗೆ ಸಂತೆಯ ಹೆಂಗಸು ಅರೆನಿಮಿಷದಲ್ಲಿ ನಡೆಸಿದುದು ಮೂರು ಪ್ರಯೋಗಗಳನ್ನು. ಅದಕ್ಕೆ ವಿದ್ಯುತ್ತು ಬೇಕಾಗಲಿಲ್ಲ, ತಂತಿ ಬೇಕಾಗಲಿಲ್ಲ. ಬೆಲೆಯನ್ನು ಹದಿನೈದು ಭಾಷೆಗಳಲ್ಲಿ ಬರೆದಿರುವ ಹಿಂಬದಿಯ ಪಟ್ಟಿಯಲ್ಲಿ ಮೇಲಿನಿಂದ ನಾಲ್ಕನೆಯದು ಕನ್ನಡ. ಓದುಬರಹ ಬಲ್ಲವಳಾದರೆ ಅದನ್ನೂ ಓದಿಕೊಂಡಾಳು.

ಕಾರ್ಡು ಏನು ಹೇಳುತ್ತದೆ?

ಕಾರ್ಡಿನಲ್ಲಿ ಹಣವಿಲ್ಲ. ಅದು ೮೫.೬೦ ಮಿಲಿಮೀಟರ್ ಉದ್ದ, ೫೩.೯೮ ಮಿಲಿಮೀಟರ್ ಅಗಲದ ಪ್ಲಾಸ್ಟಿಕ್ ತುಂಡು. ಜಗತ್ತಿನ ಯಾವ ದೇಶದ ಯಂತ್ರಕ್ಕಾದರೂ ಹೊಂದಲೆಂದು ಈ ಅಳತೆಯನ್ನು ಗೊತ್ತುಮಾಡಿದ್ದಾರೆ. ೧೯೫೦ರಲ್ಲಿ ನ್ಯೂಯಾರ್ಕಿನ ಡೈನರ್ಸ್ ಕ್ಲಬ್ಬು ಊಟದ ಲೆಕ್ಕಕ್ಕಾಗಿ ಹೊರಡಿಸಿದ ಮೊದಲ ಕಾರ್ಡುಗಳು ಬರಿಯ ರಟ್ಟಿನವು. ಕಾರ್ಡು ಹೇಳುವುದು ಇಷ್ಟೇ: 'ನಾನು ಇಂತಹ ಖಾತೆಯ ಪರವಾಗಿ ಬಂದಿದ್ದೇನೆ, ನನ್ನ ಬ್ಯಾಂಕನ್ನು ಕೇಳಿ ನೋಡಿ.'

ಮೇಲಿರುವ ಅಂಕಿಗಳಲ್ಲಿಯೇ ಒಂದು ಸಣ್ಣ ಕಾವಲಿದೆ. ಕೊನೆಯ ಅಂಕಿಯನ್ನು ಉಳಿದವುಗಳಿಂದ ಲೆಕ್ಕ ಮಾಡಿ ಬರೆದಿರುತ್ತಾರೆ. ಐಬಿಎಂ ಸಂಸ್ಥೆಯಲ್ಲಿದ್ದ ಹ್ಯಾನ್ಸ್ ಪೀಟರ್ ಲೂನ್ ಎಂಬವರು ೧೯೫೪ರಲ್ಲಿ ಹಕ್ಕುಪತ್ರಕ್ಕೆ ಅರ್ಜಿ ಹಾಕಿದ ಉಪಾಯವಿದು. ಉದಾಹರಣೆಗೆ ೪೯೨೭೩೦ ಎಂಬ ಸಂಖ್ಯೆಗೆ ಕಾವಲಿನ ಅಂಕಿಯೊಂದನ್ನು ಸೇರಿಸಬೇಕೆಂದಿಟ್ಟುಕೊಳ್ಳಿ. ಬಲಗಡೆಯಿಂದ ಮೊದಲಾಗಿ ಒಂದು ಬಿಟ್ಟು ಒಂದನ್ನು ಇಮ್ಮಡಿಸಿರಿ: ೦ ಎಂಬುದು ೦ ಆಗಿಯೇ ಉಳಿಯುತ್ತದೆ, ೭ ಎಂಬುದು ೧೪ ಆಗುತ್ತದೆ, ಅದರ ಅಂಕಿಗಳನ್ನು ಕೂಡಿದರೆ ೫, ೯ ಎಂಬುದು ೧೮, ಕೂಡಿದರೆ ೯. ಇಮ್ಮಡಿಸದೆ ಬಿಟ್ಟ ೩, ೨, ೪ ಇವನ್ನೂ ಸೇರಿಸಿದರೆ ಮೊತ್ತ ೨೩. ಹತ್ತರ ಮಡಿಯಾಗಲು ಇನ್ನೂ ೭ ಬೇಕು. ಆದುದರಿಂದ ಪೂರ್ಣ ಸಂಖ್ಯೆ ೪೯೨೭೩೦೭. ಬರೆಯುವಾಗ ೨೭ನ್ನು ೭೨ ಎಂದು ಅದಲು ಬದಲು ಮಾಡಿದರೆ ಮೊತ್ತ ೩೪ ಆಗುತ್ತದೆ. ತಪ್ಪು ಒಡನೆ ಬಯಲಾಗುತ್ತದೆ. ಆದರೆ ೦೯ನ್ನು ೯೦ ಎಂದು ಬರೆದರೆ ಈ ಕಾವಲುಗಾರ ಮಲಗಿರುತ್ತಾನೆ. ಏಕೆಂಬುದನ್ನು ವಿದ್ಯಾರ್ಥಿಗಳು ತಾವೇ ಲೆಕ್ಕ ಮಾಡಿ ನೋಡಬಹುದು. ಈ ಉಪಾಯ ತಡೆಯುವುದು ಕೈತಪ್ಪನ್ನು ಮಾತ್ರ, ಕಳ್ಳನನ್ನಲ್ಲ ಎಂಬುದನ್ನೂ ಮರೆಯಬಾರದು.

ಹಿಂಬದಿಯ ಕಪ್ಪು ಪಟ್ಟಿಯೂ ಕಳ್ಳನನ್ನು ತಡೆಯಲಾರದಾಯಿತು. ಅದರಲ್ಲಿ ಕಾಂತೀಯ ವಸ್ತುವಿನ ನವುರಾದ ಕಣಗಳಿದ್ದು, ಅವುಗಳ ಉತ್ತರ ದಕ್ಷಿಣ ಧ್ರುವಗಳ ಸಾಲೇ ಬರಹ. ಪಟ್ಟಿಯನ್ನು ಯಂತ್ರದ ಸೀಳಿನಲ್ಲಿ ಎಳೆದಾಗ ಒಳಗಿನ ಸುರುಳಿಯ ಮೂಲಕ ಹಾಯುವ ಕಾಂತಕ್ಷೇತ್ರ ಬದಲಾಗಿ ವಿದ್ಯುತ್ತು ಪ್ರೇರಿತವಾಗುತ್ತದೆ. ಫ್ಯಾರಡೆ ೧೮೩೧ರಲ್ಲಿ ಕಂಡುಹಿಡಿದ ನಿಯಮವೇ ಇದು. ಆದರೆ ಪಟ್ಟಿ ಪ್ರತಿಸಲವೂ ಹೇಳುವುದು ಅದೇ ಪಾಠವನ್ನು. ಒಮ್ಮೆ ಕೇಳಿಸಿಕೊಂಡ ಕಳ್ಳ ಅದನ್ನೇ ಇನ್ನೊಂದು ಪಟ್ಟಿಗೆ ಕಲಿಸಬಹುದು. ಆದುದರಿಂದಲೇ ರಿಜರ್ವ್ ಬ್ಯಾಂಕು ೨೦೧೮ರ ಕೊನೆಯೊಳಗೆ ಪಟ್ಟಿಯೊಂದೇ ಇರುವ ಕಾರ್ಡುಗಳನ್ನು ಬದಲಿಸಿ ಚಿಪ್ ಇರುವ ಕಾರ್ಡುಗಳನ್ನು ಕೊಡಬೇಕೆಂದು ಬ್ಯಾಂಕುಗಳಿಗೆ ಆಜ್ಞೆ ಮಾಡಿತು.

ಚಿಪ್ಪಿನ ರೀತಿ ಬೇರೆ. ಇಂಗ್ಲೆಂಡಿನ ಅರಮನೆಯ ಖಜಾನೆಯಲ್ಲಿ ಹಿಂದೆ ಸಾಲದ ಲೆಕ್ಕವನ್ನು ಮರದ ಕಡ್ಡಿಗಳಲ್ಲಿ ಕಚ್ಚುಹಾಕಿ ಇಡುತ್ತಿದ್ದರು. ಕಡ್ಡಿಯನ್ನು ಉದ್ದಕ್ಕೆ ಸೀಳಿ ಅರ್ಧವನ್ನು ಕೊಟ್ಟವನೂ ಅರ್ಧವನ್ನು ಪಡೆದವನೂ ಇಟ್ಟುಕೊಳ್ಳುವರು; ಮುಂದೆ ಎರಡೂ ಹೋಳುಗಳು ಒಂದಕ್ಕೊಂದು ಕೂಡಿಕೊಂಡರೆ ಲೆಕ್ಕ ಸರಿ. (ಈ ಹಳೆಯ ಕಡ್ಡಿಗಳನ್ನು ಒಲೆಗೆ ಹಾಕಿ ಸುಡುವಾಗಲೇ ೧೮೩೪ರ ಅಕ್ಟೋಬರಿನಲ್ಲಿ ಲಂಡನ್ನಿನ ಪಾರ್ಲಿಮೆಂಟ್ ಭವನ ಹೊತ್ತಿ ಉರಿಯಿತು. ಕೊಡಗು ಬ್ರಿಟಿಷರ ಕೈಸೇರಿದುದೂ ಅದೇ ವರ್ಷ.) ಚಿಪ್ಪಿನೊಳಗೂ ಬ್ಯಾಂಕಿನಲ್ಲಿಯೂ ಇಂತಹದೇ ಜೋಡಿ ರಹಸ್ಯವೊಂದಿರುತ್ತದೆ. ಯಂತ್ರವು ಹಣದ ಮೊತ್ತವನ್ನೂ ಒಂದು ಹೊಸ ಸಂಖ್ಯೆಯನ್ನೂ ಚಿಪ್ಪಿಗೆ ಕೊಡುತ್ತದೆ. ಚಿಪ್ಪು ತನ್ನ ರಹಸ್ಯವನ್ನು ಹೊರಗೆಡಹದೆ, ಅದರೊಡನೆ ಈ ಸಂಖ್ಯೆಗಳನ್ನು ಬೆರೆಸಿ ಒಂದು ಉತ್ತರವನ್ನು ಕೊಡುತ್ತದೆ. ಬ್ಯಾಂಕು ತಾನೂ ಅದೇ ಲೆಕ್ಕವನ್ನು ಮಾಡಿ ಹೋಲಿಸಿ ನೋಡುತ್ತದೆ. ಉತ್ತರ ಸಲಸಲಕ್ಕೂ ಬೇರೆಯಾಗುವುದರಿಂದ ನಿನ್ನೆ ಕದ್ದು ಕೇಳಿದುದು ಇಂದು ನಿರುಪಯೋಗ.

ಯಂತ್ರದ ಮೇಲೆ ಸುಮ್ಮನೆ ಇಟ್ಟರೆ ಸಾಕಾಗುವ ಕಾರ್ಡುಗಳಲ್ಲಿ ಅಂಚಿನ ಸುತ್ತ ಸಣ್ಣ ತಂತಿಯ ಸುರುಳಿಯಿರುತ್ತದೆ. ಕೆಲವು ಕಾರ್ಡುಗಳನ್ನು ಬಲವಾದ ಟಾರ್ಚಿನ ಮುಂದೆ ಹಿಡಿದರೆ ಅದರ ನೆರಳು ಕಾಣುವುದುಂಟು. ಯಂತ್ರವು ಸೆಕೆಂಡಿಗೆ ೧ ಕೋಟಿ ೩೫ ಲಕ್ಷ ೬೦ ಸಾವಿರ ಸಲ ಅದಲುಬದಲಾಗುವ ಕಾಂತಕ್ಷೇತ್ರವನ್ನು ಹರಡುತ್ತದೆ; ಸುರುಳಿಯಲ್ಲಿ ಪ್ರೇರಿತವಾದ ವಿದ್ಯುತ್ತೇ ಚಿಪ್ಪಿಗೆ ಆಹಾರ. ಈ ಕ್ಷೇತ್ರ ದೂರ ಹೆಚ್ಚಿದಂತೆ ಅತಿ ಬೇಗನೆ ಕುಗ್ಗುವುದರಿಂದ ಕೆಲವು ಸೆಂಟಿಮೀಟರ್ ಆಚೆಗೆ ಕಾರ್ಡು ನಿರ್ಜೀವ. ೨೦೨೧ರ ಜನವರಿಯಿಂದ ಹೀಗೆ ಗುಟ್ಟಿನ ಅಂಕಿಯಿಲ್ಲದೆ ಕೊಡಬಹುದಾದ ಮೊತ್ತದ ಮಿತಿ ಐದು ಸಾವಿರ ರೂಪಾಯಿ.

ಫೋನಿನ ಪಾವತಿಯೂ, ಎಂದರೆ ೨೦೧೬ರಲ್ಲಿ ಆರಂಭವಾದ ಯುಪಿಐ ಕೂಡ, ನಮ್ಮ ದೃಷ್ಟಿಯಿಂದ ಕಾರ್ಡಿನ ಕುಲಕ್ಕೇ ಸೇರಿದುದು. ೧೯೯೪ರಲ್ಲಿ ಜಪಾನಿನಲ್ಲಿ ಹುಟ್ಟಿದ ಕ್ಯೂಆರ್ ಚೌಕದಲ್ಲಿ ಹಣವಿಲ್ಲ, ವಿಳಾಸವಿದೆ. ಬರಹವನ್ನು ಅದರಲ್ಲಿ ಹೆಚ್ಚುವರಿಯಾಗಿ ಹರಡಿರುವುದರಿಂದ ಮೂಲೆಯೊಂದು ಮಳೆಗೆ ಕಿತ್ತುಹೋದರೂ ಓದಲು ಬರುತ್ತದೆ. ಆದರೆ ವಿಳಾಸ ತಿಳಿದ ಮಾತ್ರಕ್ಕೆ ಕಾಗದ ತಲುಪುವುದಿಲ್ಲವಷ್ಟೆ.

ದಾರಿಯ ಕಷ್ಟಗಳು

ಕೊಡಗಿನ ಅಂಗಡಿಯಿಂದ ಹೊರಟ ಪ್ರಶ್ನೆ ಎಷ್ಟು ದೂರ ಹೋಗಬೇಕು? ಬ್ಯಾಂಕಿನ ಲೆಕ್ಕದ ಯಂತ್ರ ಸಾವಿರ ಕಿಲೋಮೀಟರ್ ದೂರದಲ್ಲಿದೆಯೆಂದಿಟ್ಟುಕೊಳ್ಳೋಣ. ಗಾಜಿನ ತಂತುವಿನಲ್ಲಿ ಬೆಳಕಿನ ವೇಗ ಸೆಕೆಂಡಿಗೆ ಸುಮಾರು ಎರಡು ಲಕ್ಷ ಕಿಲೋಮೀಟರ್. ಹೋಗಿಬರಲು ಸೆಕೆಂಡಿನ ನೂರನೆಯ ಒಂದು ಭಾಗ ಸಾಕು. ಆದುದರಿಂದ ದೂರ ಕಷ್ಟವಲ್ಲ. ಕಷ್ಟವಿರುವುದು ಅಂಗಡಿಯಿಂದ ತಂತುವಿನ ಬಾಯಿಯವರೆಗಿನ ಕೆಲವೇ ಕಿಲೋಮೀಟರುಗಳಲ್ಲಿ.

'ಸಾರ್, ಮಳೆ ಬಂದರೆ ನೆಟ್‌ವರ್ಕ್ ಯಾಕೆ ಹೋಗುತ್ತೆ?' ಎಂದು ನಮ್ಮನ್ನು ಕೇಳದ ವಿದ್ಯಾರ್ಥಿ ತಂಡವಿಲ್ಲ. ಮಳೆಹನಿಗಳು ಅಲೆಯನ್ನು ನುಂಗುತ್ತವೆ ಎಂಬ ಉತ್ತರ ಅರ್ಧ ಮಾತ್ರ ಸರಿ. ೯೦೦ ಮೆಗಾಹರ್ಟ್ಸಿನ ಮೊಬೈಲ್ ಅಲೆಯ ಉದ್ದ ೩೩ ಸೆಂಟಿಮೀಟರ್. ಹನಿಯಾದರೋ ಕೆಲವೇ ಮಿಲಿಮೀಟರಿನದು. ತನಗಿಂತ ಅಷ್ಟು ಚಿಕ್ಕದಾದ ಹನಿಯನ್ನು ಅಲೆ ಗಮನಿಸುವುದೇ ಇಲ್ಲವೆನ್ನಬಹುದು. ಜಡಿಮಳೆಯಲ್ಲಿಯೂ ಅದಕ್ಕಾಗುವ ನಷ್ಟ ಅತ್ಯಲ್ಪ. ಆದರೆ ಗುಡ್ಡದ ಮೇಲಿನ ಗೋಪುರವೊಂದು ಇನ್ನೊಂದು ಗೋಪುರದೊಡನೆ ಮಾತನಾಡುವುದು ಅನೇಕ ಕಡೆ ಇದಕ್ಕಿಂತ ಬಹು ಕಿರಿದಾದ ಅಲೆಗಳಿಂದ. ೧೮ ಗಿಗಾಹರ್ಟ್ಸಿನ ಅಲೆಯ ಉದ್ದ ೧೭ ಮಿಲಿಮೀಟರಿಗೂ ಕಡಿಮೆ. ಗಂಟೆಗೆ ೧೦೦ ಮಿಲಿಮೀಟರಿನಂತೆ ಸುರಿಯುವ ಮಳೆಯಲ್ಲಿ ಪ್ರತಿ ಕಿಲೋಮೀಟರಿಗೂ ಇದರ ಬಲ ಸುಮಾರು ಹತ್ತನೆಯ ಒಂದು ಭಾಗಕ್ಕೆ ಇಳಿದುಬಿಡುತ್ತದೆ. ಉಪಗ್ರಹದ ತಟ್ಟೆಯನ್ನು ನಂಬಿರುವ ಎಟಿಎಂಗಳಿಗೂ ಇದೇ ಕಾಟ. ಹೀಗೆ ಫೋನಿನಲ್ಲಿ ಗೆರೆಗಳು ತುಂಬಿ ತೋರುತ್ತಿದ್ದರೂ, ಗೋಪುರಕ್ಕೇ ಮುಂದಿನ ದಾರಿ ಕಾಣದಿರಬಹುದು. ಇನ್ನು ನೆನೆದ ಎಲೆಗಳ ವಿಷಯ. ಸಿಲ್ವರ್ ಓಕ್, ಅತ್ತಿ, ಹಲಸು ಮುಂತಾದ ನೆರಳುಮರಗಳ ಕೆಳಗಿನ ಕಾಫಿತೋಟದಲ್ಲಿ ನಿಂತವನಿಗೂ ಗೋಪುರಕ್ಕೂ ನಡುವೆ ತೊಯ್ದ ಎಲೆಗಳ ದಪ್ಪ ಚಪ್ಪರವಿರುತ್ತದೆ. ಅದು ಮೊಬೈಲ್ ಅಲೆಯನ್ನೂ ಚೆನ್ನಾಗಿ ಹೀರುತ್ತದೆ.

ಗುಡ್ಡಗಳ ನೆರಳು ವರ್ಷವಿಡೀ ಇರುವುದು. ಅಲೆ ತನ್ನ ಉದ್ದಕ್ಕೆ ಹೋಲಿಸಬಹುದಾದ ಅಡ್ಡಿಯನ್ನು ಬಳಸಿಕೊಂಡು ಬಾಗುತ್ತದೆ. ಇದನ್ನು ವಿವರ್ತನೆ ಎನ್ನುವರು. ಬೆಂಗಳೂರು ಆಕಾಶವಾಣಿಯ ೬೧೨ ಕಿಲೋಹರ್ಟ್ಸ್ ಪ್ರಸಾರದ ಅಲೆಯುದ್ದ ಸುಮಾರು ೪೯೦ ಮೀಟರ್. ಅದು ಬೆಟ್ಟವನ್ನೇ ಬಳಸಿ ಕಣಿವೆಗೆ ಇಳಿಯಬಲ್ಲುದು. ೩೩ ಸೆಂಟಿಮೀಟರಿನ ಅಲೆಗೆ ಬೆಟ್ಟ ಗೋಡೆ. ಅಜ್ಜನ ರೇಡಿಯೋ ಹಾಡುತ್ತಿದ್ದ ಮನೆಯಲ್ಲಿ ಮೊಮ್ಮಗನ ಫೋನು ಮೌನವಾಗಿರುವುದಕ್ಕೆ ಇದೇ ಕಾರಣ.

ಉತ್ತರ ದಾರಿಯಲ್ಲಿ ಕಳೆದರೆ?

ಕೆಲವು ವರ್ಷಗಳ ಹಿಂದೆ ಜುಲೈ ತಿಂಗಳಿನಲ್ಲಿ ನಾವು ಭಾಗಮಂಡಲದ ಕಡೆಗೆ ಹೋಗುತ್ತಿದ್ದಾಗ ಪೆಟ್ರೋಲ್ ಬಂಕೊಂದರಲ್ಲಿ ಎಣ್ಣೆ ಹಾಕಿಸಿ ಕಾರ್ಡು ಕೊಟ್ಟೆವು. ಗುಟ್ಟಿನ ಅಂಕಿ ಒತ್ತಿಯಾಯಿತು. ಯಂತ್ರ ಬಹಳ ಹೊತ್ತು ಧ್ಯಾನಿಸಿ, ಕೊನೆಗೆ ಸಂಪರ್ಕವಿಲ್ಲವೆಂದು ಚೀಟಿಯನ್ನು ಉಗುಳಿತು. ಜೇಬಿನಲ್ಲಿ ಬಸ್ಸಿನ ಚಿಲ್ಲರೆಯ ಹೊರತು ಏನೂ ಇರಲಿಲ್ಲ. ಜೊತೆಯಲ್ಲಿದ್ದ ಮಿತ್ರರಿಂದ ಸಾಲ ಪಡೆದು ನಗದು ಕೊಟ್ಟು ಹೊರಟೆವು. ಸಂಜೆ ಮಡಿಕೇರಿಗೆ ಬರುತ್ತಲೇ ಫೋನು ಸದ್ದು ಮಾಡಿತು: ಬೆಳಗಿನ ಹಣ ಖಾತೆಯಿಂದ ಕಳೆದಿದೆ! ಬಂಕಿನವನು ಸುಳ್ಳು ಹೇಳಿರಲಿಲ್ಲ, ಬ್ಯಾಂಕೂ ಸುಳ್ಳು ಹೇಳಿರಲಿಲ್ಲ. ಪ್ರಶ್ನೆ ಹೋಗಿ ಮುಟ್ಟಿದ್ದಿತು. ಉತ್ತರ ಹಿಂದಿರುಗುವಾಗ ದಾರಿಯಲ್ಲಿ ಕಳೆದುಹೋಗಿದ್ದಿತು.

ಇದನ್ನು ಯಂತ್ರದ ದೋಷವೆಂದು ತಳ್ಳಿಹಾಕುವಂತಿಲ್ಲ. ಇದರ ಹಿಂದೆ ೧೯೭೦ರ ದಶಕದಲ್ಲಿ ಕಂಪ್ಯೂಟರ್ ವಿಜ್ಞಾನಿಗಳು ಗುರುತಿಸಿದ ಆಳವಾದ ಸಮಸ್ಯೆಯೊಂದಿದೆ. ಅದನ್ನು ನಮ್ಮ ನಾಡಿನ ರೀತಿಯಲ್ಲಿ ಹೀಗೆ ಹೇಳಬಹುದು. ತುಂಬಿದ ತೋಡಿನ ಎರಡು ದಡಗಳಲ್ಲಿ ಎರಡು ತೋಟಗಳಿವೆ. ಕಾಡಾನೆಯ ಹಿಂಡೊಂದು ನಡುವೆ ಬಂದು ನಿಂತಿದೆ. ಎರಡು ತೋಟದವರೂ ಒಂದೇ ಗಳಿಗೆಯಲ್ಲಿ ಪಟಾಕಿ ಹಚ್ಚಿ ಕೂಗಿದರೆ ಹಿಂಡು ಕಾಡಿಗೆ ಮರಳುತ್ತದೆ; ಒಬ್ಬರೇ ಕೂಗಿದರೆ ಆನೆಗಳು ಇನ್ನೊಬ್ಬರ ತೋಟಕ್ಕೆ ನುಗ್ಗುತ್ತವೆ. ಈಚೆ ದಡದ ರೈಟರು 'ರಾತ್ರಿ ಒಂಬತ್ತಕ್ಕೆ' ಎಂದು ಚೀಟಿ ಬರೆದು ಆಳಿನ ಕೈಯಲ್ಲಿ ಕಳುಹಿಸುತ್ತಾನೆ. ಆಳು ತೋಡು ದಾಟಿದನೋ ಇಲ್ಲವೋ? ಉತ್ತರ ಬರುವವರೆಗೆ ತಿಳಿಯದು. ಆಚೆಯ ರೈಟರು 'ಆಗಲಿ' ಎಂದು ಉತ್ತರ ಕಳುಹಿಸುತ್ತಾನೆ. ಈಗ ಅವನಿಗೆ ಸಂಶಯ: ತನ್ನ ಉತ್ತರ ಮುಟ್ಟಿತೋ? ಮುಟ್ಟದಿದ್ದರೆ ಈಚೆಯವನು ಒಂಬತ್ತಕ್ಕೆ ಕೂಗುವುದಿಲ್ಲ. ಆದುದರಿಂದ 'ಉತ್ತರ ಬಂದಿತು' ಎಂಬ ಮೂರನೆಯ ಚೀಟಿ ಬೇಕು. ಅದು ಮುಟ್ಟಿತೆಂದು ತಿಳಿಯಲು ನಾಲ್ಕನೆಯದು. ಎಷ್ಟು ಚೀಟಿಗಳನ್ನು ಕಳುಹಿಸಿದರೂ ಕೊನೆಯ ಚೀಟಿಯನ್ನು ಬರೆದವನಿಗೆ ಅದು ತಲುಪಿತೆಂಬ ಖಾತ್ರಿಯಿರುವುದಿಲ್ಲ. ದಾರಿ ನಂಬಲರ್ಹವಲ್ಲದಿದ್ದರೆ ಎರಡು ಕಡೆಯವರಿಗೂ ಏಕಕಾಲದಲ್ಲಿ ಸಂಪೂರ್ಣ ನಿಶ್ಚಯ ಉಂಟಾಗುವಂತೆ ಮಾಡುವ ಸಂದೇಶಕ್ರಮವೇ ಇಲ್ಲ. ಇದು ಸಾಧಿಸಲ್ಪಟ್ಟ ಪ್ರಮೇಯ. ನಾಳೆ ಹೊಸ ಯಂತ್ರ ಬಂದರೂ ಬದಲಾಗದು.

ನೋಟಿಗೆ ಈ ಸಂಕಟವಿಲ್ಲ. ಕೊಟ್ಟವನ ಕೈ ಬರಿದಾದುದೂ ಪಡೆದವನ ಕೈ ತುಂಬಿದುದೂ ಎರಡು ಘಟನೆಗಳಲ್ಲ, ಒಂದೇ ಘಟನೆ.

ಬ್ಯಾಂಕುಗಳು ಈ ಪ್ರಮೇಯದೊಡನೆ ಹೇಗೆ ಬಾಳುತ್ತಿವೆ? ನಿಶ್ಚಯವನ್ನು ಕೂಡಲೆ ಪಡೆಯಲಾಗದಿದ್ದರೆ ತಡವಾಗಿ ಪಡೆಯುವುದು. ಪ್ರತಿದಿನವೂ ಎರಡು ಕಡೆಯ ಲೆಕ್ಕದ ಪುಸ್ತಕಗಳನ್ನು ಹೋಲಿಸಿ, ಒಂಟಿಯಾಗಿ ನಿಂತ ಬರಹಗಳನ್ನು ತಿದ್ದುತ್ತಾರೆ. ಇದಕ್ಕೂ ಗಡುವಿರಬೇಕೆಂದು ರಿಜರ್ವ್ ಬ್ಯಾಂಕು ೨೦೧೯ರ ಸೆಪ್ಟೆಂಬರಿನಲ್ಲಿ ನಿಯಮಿಸಿತು. ಎಟಿಎಂನಿಂದ ನೋಟು ಬಾರದೆ ಖಾತೆಯಿಂದ ಹಣ ಕಳೆದಿದ್ದರೆ ಐದು ದಿನಗಳೊಳಗೆ ಅದು ಮರಳಬೇಕು. ತಪ್ಪಿದರೆ ದಿನಕ್ಕೆ ನೂರು ರೂಪಾಯಿಯಂತೆ ಬ್ಯಾಂಕು ಪರಿಹಾರ ಕೊಡಬೇಕು. ನಮ್ಮ ಪೆಟ್ರೋಲಿನ ಹಣ ನಾಲ್ಕನೆಯ ದಿನ ಹಿಂದಿರುಗಿತು. ಮಿತ್ರರ ಸಾಲ ಅದಕ್ಕೂ ಮೊದಲೇ ತೀರಿತ್ತೆಂಬುದನ್ನು ಇಲ್ಲಿ ಹೇಳಿಬಿಡುವುದು ಮೇಲು.

ಎರಡು ಪರೀಕ್ಷೆಗಳು

೨೦೧೮ರ ಆಗಸ್ಟ್ ತಿಂಗಳ ನಡುವಿನ ದಿನಗಳನ್ನು ಕೊಡಗಿನವರು ಮರೆಯಲಾರರು. ಮಕ್ಕಂದೂರು, ಮುಕ್ಕೋಡ್ಲು, ಕಾಲೂರು, ಜೋಡುಪಾಲದ ಕಡೆಗಳಲ್ಲಿ ಬೆಟ್ಟಗಳೇ ಜರಿದು ಮನೆ ತೋಟಗಳನ್ನು ಕೊಚ್ಚಿಕೊಂಡುಹೋದುವು. ಮಡಿಕೇರಿಯಿಂದ ಸಂಪಾಜೆಗೆ ಇಳಿಯುವ ಹೆದ್ದಾರಿ ಕಡಿದುಹೋಯಿತು. ವಿದ್ಯುತ್ ಕಂಬಗಳು ಉರುಳಿದುವು, ಬರೆ ಕುಸಿದಲ್ಲಿ ನೆಲದೊಳಗಿನ ತಂತುಗಳು ತುಂಡಾದುವು. ಮೊಬೈಲ್ ಗೋಪುರಕ್ಕೆ ಬ್ಯಾಟರಿಯುಂಟು, ಡೀಸೆಲ್ ಯಂತ್ರವುಂಟು. ಆದರೆ ಬ್ಯಾಟರಿ ಕೆಲವು ಗಂಟೆಗಳ ಮಾತು, ಡೀಸೆಲ್ಲಿಗೆ ರಸ್ತೆ ಬೇಕು. ಹೀಗೆ ಪ್ರಶ್ನೆಯ ದಾರಿಯೇ ಮುಚ್ಚಿದ ಹಳ್ಳಿಗಳಲ್ಲಿ, ಬ್ಯಾಂಕಿನಲ್ಲಿ ಲಕ್ಷವಿದ್ದವನ ಕಾರ್ಡೂ ಪ್ಲಾಸ್ಟಿಕ್ಕಿನ ತುಂಡಾಗಿಯೇ ಉಳಿಯಬೇಕಾಯಿತು. ಮನೆಯ ಪೆಟ್ಟಿಗೆಯಲ್ಲಿ ಒಂದೆರಡು ಸಾವಿರದ ನೋಟಿದ್ದವನು ಅಂಗಡಿಯಿಂದ ಅಕ್ಕಿ, ಮೇಣದಬತ್ತಿ ತರಬಲ್ಲವನಾದನು. ಆದರೆ ಇನ್ನೊಂದು ಮುಖವೂ ಇದೆ. ಪೆಟ್ಟಿಗೆಯೊಡನೆ ಮನೆಯೇ ಮಣ್ಣಿನಲ್ಲಿ ಹೂತುಹೋದವನ ನೋಟು ಮರಳಿ ಬಾರದು; ಅವನ ಖಾತೆಯ ಸಂಖ್ಯೆಯಾದರೋ ದೂರದ ಯಂತ್ರದಲ್ಲಿ ಕೂದಲೂ ಕೊಂಕದೆ ಉಳಿದಿದ್ದಿತು. ರಸ್ತೆಗಳು ಮುಚ್ಚಿದ್ದ ಆ ದಿನಗಳಲ್ಲಿ ದೂರದೂರುಗಳ ನೆರವಿನ ಹಣ ಬಂದುದೂ ಬ್ಯಾಂಕುಗಳ ಈ ಸುದ್ದಿಯ ದಾರಿಯಿಂದಲೇ. ಸಂರಕ್ಷಣೆಯ ನಿಯಮ ಎರಡು ಅಲಗಿನ ಕತ್ತಿ: ವಸ್ತು ನಕಲಾಗುವುದಿಲ್ಲವಾದ ಕಾರಣ ಕಳೆದರೆ ಪ್ರತಿಯೂ ಇರುವುದಿಲ್ಲ.

ನಗದಿಗೂ ಪರೀಕ್ಷೆಯ ಕಾಲ ಬಂದಿದ್ದಿತು. ೨೦೧೬ರ ನವೆಂಬರ್ ೮ರ ರಾತ್ರಿ ಐನೂರು ಮತ್ತು ಸಾವಿರ ರೂಪಾಯಿಯ ಹಳೆಯ ನೋಟುಗಳು ರದ್ದಾದುವು. ಚಲಾವಣೆಯಲ್ಲಿದ್ದ ನೋಟುಗಳ ಬೆಲೆಯಲ್ಲಿ ಇವುಗಳದೇ ಶೇಕಡ ೮೬ರಷ್ಟು ಪಾಲು. ನೀರಚ್ಚು, ಉಬ್ಬುಗೆರೆ, ದಾರ ಎಲ್ಲವೂ ಹಿಂದಿನ ದಿನದಂತೆಯೇ ಇದ್ದುವು. ಬೆಲೆ ಮಾತ್ರ ಇರಲಿಲ್ಲ. ನೋಟು ತನ್ನ ಸಾಕ್ಷ್ಯವನ್ನು ತಾನೇ ಹೊತ್ತಿರುತ್ತದೆಂದು ನಾವು ಮೇಲೆ ಹೇಳಿದ ಮಾತನ್ನು ಇಲ್ಲಿ ತಿದ್ದಬೇಕಾಗಿದೆ. ತಾನು ಅಸಲಿಯೆಂಬುದಕ್ಕೆ ಮಾತ್ರ ಅದು ಸಾಕ್ಷಿ. ಅಸಲಿಯಾದುದು ಹಣವೂ ಹೌದೆಂಬುದು ಸರ್ಕಾರದ ಮಾತಿನಿಂದಲೂ ಜನರ ನಂಬಿಕೆಯಿಂದಲೂ ನಿಂತಿದೆ. ಹತ್ತು ರೂಪಾಯಿಯ ನಾಣ್ಯದ ಪಾಡು ಇದಕ್ಕೆ ವಿರುದ್ಧವಾದ ನಿದರ್ಶನ. ಅದರ ಹದಿನಾಲ್ಕು ವಿನ್ಯಾಸಗಳೂ ಸಿಂಧುವೆಂದು ರಿಜರ್ವ್ ಬ್ಯಾಂಕು ೨೦೧೮ರಲ್ಲಿ ಸ್ಪಷ್ಟಪಡಿಸಿದ ಮೇಲೂ 'ಇದು ನಡೆಯುವುದಿಲ್ಲ' ಎಂದು ಅದನ್ನು ಹಿಂದಕ್ಕೆ ತಳ್ಳುವ ಅಂಗಡಿಗಳುಂಟು.

ಆ ನವೆಂಬರು ಕೊಡಗಿಗೆ ಕೆಟ್ಟ ವೇಳೆಯಲ್ಲಿ ಬಂದಿತು. ಅರೇಬಿಕಾ ಹಣ್ಣಾಗುವ ಸಮಯ. ಅದರ ಹಿಂದೆಯೇ ರೋಬಸ್ಟಾ. ತೋಟಗಳಲ್ಲಿ ವಾರದ ಬಟವಾಡೆ ಆಗ ಬಹುಮಟ್ಟಿಗೆ ನಗದಿನಲ್ಲಿಯೇ ನಡೆಯುತ್ತಿದ್ದಿತು. ನಲವತ್ತು ಮಂದಿ ಕೊಯ್ಲಿನವರಿರುವ ತೋಟವೊಂದನ್ನು ಊಹಿಸಿಕೊಂಡು, ಕೂಲಿ ದಿನಕ್ಕೆ ೩೦೦ ರೂಪಾಯಿಯೆಂದಿಟ್ಟುಕೊಂಡರೆ ಆರು ದಿನದ ಬಟವಾಡೆ ೭೨ ಸಾವಿರ ರೂಪಾಯಿ. ಉಳಿತಾಯ ಖಾತೆಯಿಂದ ವಾರಕ್ಕೆ ತೆಗೆಯಲು ಅನುಮತಿಯಿದ್ದುದು ಮೊದಲು ೨೦ ಸಾವಿರ, ಅನಂತರ ೨೪ ಸಾವಿರ. ವ್ಯಾಪಾರದ ಚಾಲ್ತಿ ಖಾತೆಯಿಂದ ೫೦ ಸಾವಿರ. ಎಟಿಎಂಗಳಿಗೆ ಹೋಗೋಣವೆಂದರೆ, ಹಳೆಯ ಐನೂರರ ನೋಟು ೧೬೭ ಮಿಲಿಮೀಟರ್ ಉದ್ದ, ೭೩ ಅಗಲ. ಹೊಸದು ೧೫೦ ಮತ್ತು ೬೬. ಒಳಗಿನ ಪೆಟ್ಟಿಗೆಗಳನ್ನು ಒಂದೊಂದು ಯಂತ್ರದಲ್ಲಿಯೂ ಹೊಸ ಅಳತೆಗೆ ಹೊಂದಿಸುವವರೆಗೆ ಅವು ಹೊಸ ನೋಟನ್ನು ಎಣಿಸಲಾರವು. ಲೈನ್ ಮನೆಗಳ ಅನೇಕರು ಬ್ಯಾಂಕಿನ ಖಾತೆ ತೆರೆದುದೂ ಕಾರ್ಡನ್ನು ಕೈಯಲ್ಲಿ ಹಿಡಿದುದೂ ಈ ಒತ್ತಾಯದಿಂದಲೇ. ಅದು ಒಳ್ಳೆಯದಾಯಿತೆನ್ನುವವರು ಇದ್ದಾರೆ. ಆದರೆ ಖಾತೆಯ ಹಣವನ್ನು ತೆಗೆಯಲು ಬಸ್ಸು ಹಿಡಿದು ಪೇಟೆಗೆ ಹೋದವನಿಗೆ ಅರ್ಧ ದಿನದ ಕೂಲಿ ಹೋಗುತ್ತದೆಂಬುದನ್ನು ಅವರು ಲೆಕ್ಕಕ್ಕೆ ಹಿಡಿಯುವಂತೆ ಕಾಣುವುದಿಲ್ಲ.

ಪ್ರಯಾಣಿಕನ ಜೇಬು

ನಗದಿನ ಇನ್ನೊಂದು ತೊಡಕು ಚಿಲ್ಲರೆ. ನೋಟನ್ನು ಹರಿದು ಅರ್ಧ ಕೊಡಲಾಗುವುದಿಲ್ಲ. ಬಸ್ಸಿನ ನಿರ್ವಾಹಕ ಚಿಲ್ಲರೆಯಿಲ್ಲದಾಗ ಟಿಕೆಟ್ಟಿನ ಬೆನ್ನ ಮೇಲೆ ಬಾಕಿಯನ್ನು ಬರೆದು ಕೊಡುವುದು ನಮ್ಮ ನಾಡಿನ ಹಳೆಯ ಪದ್ಧತಿ. ವಿಚಾರಮಾಡಿ ನೋಡಿದರೆ ಆ ಕ್ಷಣದಲ್ಲಿ ಟಿಕೆಟ್ಟು ಕಾರ್ಡಾಗಿಬಿಡುತ್ತದೆ: ಅದರಲ್ಲಿ ಹಣವಿಲ್ಲ, ಬರಬೇಕಾದ ಹಣದ ಗುರುತಿದೆ; ಬರೆದವನನ್ನು ಕಂಡು ಕೇಳಿದರೆ ಮಾತ್ರ ಅದು ಹಣ. ನಿದ್ದೆಗಣ್ಣಿನಲ್ಲಿ ಕುಶಾಲನಗರದಲ್ಲಿ ಇಳಿದು ಬಾಕಿಯನ್ನು ಮರೆತವರಿಗೆ ಇದರ ಬೆಲೆ ಗೊತ್ತು.

ಕಳವಿನ ವಿಷಯದಲ್ಲಿ ಕಾರ್ಡಿನದೇ ಮೇಲುಗೈ. ಕಳೆದ ನೋಟಿಗೆ ಒಡೆಯನ ಹೆಸರಿಲ್ಲ. ಕಳೆದ ಕಾರ್ಡನ್ನು ಒಂದು ದೂರವಾಣಿ ಕರೆಯಿಂದ ಸಾಯಿಸಬಹುದು. ರಿಜರ್ವ್ ಬ್ಯಾಂಕಿನ ೨೦೧೭ರ ಜುಲೈ ೬ರ ಸುತ್ತೋಲೆಯಂತೆ, ಗ್ರಾಹಕನದೂ ಬ್ಯಾಂಕಿನದೂ ತಪ್ಪಿಲ್ಲದೆ ಮೂರನೆಯವರ ಮೋಸದಿಂದ ಹಣ ಹೋದುದಾದರೆ, ಬ್ಯಾಂಕಿನ ಸೂಚನೆ ಬಂದ ಮೂರು ಕೆಲಸದ ದಿನಗಳೊಳಗೆ ತಿಳಿಸಿದವನಿಗೆ ನಷ್ಟದ ಹೊಣೆಯಿಲ್ಲ. ಗುಟ್ಟಿನ ಅಂಕಿಯನ್ನು ತಾನೇ ಹೇಳಿಬಿಟ್ಟವನಿಗೆ ಈ ರಕ್ಷಣೆ ಸಿಗುವುದಿಲ್ಲ. ಚಿಪ್ಪಿನ ರಹಸ್ಯವನ್ನು ಒಡೆಯಲಾರದ ಕಳ್ಳರು ಈಗ ಫೋನು ಮಾಡಿ ಕೇಳುವುದು ಈ ಅಂಕಿಗಳನ್ನೇ.

ನಮ್ಮ ಸ್ವಂತ ರೂಢಿಯನ್ನು ಹೇಳುವುದಾದರೆ, ಜೂನಿನಿಂದ ಸೆಪ್ಟೆಂಬರಿನವರೆಗೆ ಎರಡು ದಿನದ ಊಟ, ಬಸ್ಸು, ಔಷಧಿಗೆ ಸಾಲುವಷ್ಟು ನಗದನ್ನು ನೂರರ ಮತ್ತು ಐವತ್ತರ ನೋಟುಗಳಾಗಿ, ಪ್ಲಾಸ್ಟಿಕ್ ಲಕೋಟೆಯೊಳಗೆ, ಕಾರ್ಡಿನಿಂದ ಬೇರೆಯಾದ ಜೇಬಿನಲ್ಲಿ ಇಟ್ಟುಕೊಳ್ಳುತ್ತೇವೆ. ವಿರಾಜಪೇಟೆಯಿಂದ ಮಾಕುಟ್ಟದ ಕಾಡಿನ ದಾರಿಯಲ್ಲಿ ಕೇರಳಕ್ಕೆ ಇಳಿಯುವಾಗಲಂತೂ ಇದನ್ನು ಎರಡು ಸಲ ನೋಡಿಕೊಳ್ಳುತ್ತೇವೆ. ದೊಡ್ಡ ಮೊತ್ತಕ್ಕೆ, ಬೆಂಗಳೂರಿನ ಆಸ್ಪತ್ರೆಗೆ, ರೈಲಿಗೆ, ಕಾರ್ಡೇ ಸರಿ. ಅಷ್ಟು ನೋಟನ್ನು ಹೊತ್ತು ರಾತ್ರಿಯ ಬಸ್ಸಿನಲ್ಲಿ ನಿದ್ದೆ ಬರುವುದಿಲ್ಲ.

ನೋಟಿನಂತೆ ಕೈಯಿಂದ ಕೈಗೆ ನೇರವಾಗಿ ದಾಟುವ, ಬ್ಯಾಂಕನ್ನು ಆಗಲೇ ಕೇಳಬೇಕಾಗದ ಸಂಖ್ಯೆಯನ್ನು ನಿರ್ಮಿಸಲು ಸಾಧ್ಯವೆ? ರಿಜರ್ವ್ ಬ್ಯಾಂಕು ೨೦೨೨ರ ಡಿಸೆಂಬರ್ ೧ರಂದು ಸಾರ್ವಜನಿಕರಿಗಾಗಿ ಪ್ರಯೋಗಾರ್ಥ ಆರಂಭಿಸಿದ ಡಿಜಿಟಲ್ ರೂಪಾಯಿಯ ಹಿಂದೆಯೂ, ಸಂಪರ್ಕವಿಲ್ಲದೆ ಎರಡು ಫೋನುಗಳನ್ನು ತಾಗಿಸಿ ಹಣ ಕೊಡುವ ಹೊಸ ಏರ್ಪಾಡುಗಳ ಹಿಂದೆಯೂ ಈ ಪ್ರಶ್ನೆಯಿದೆ. ಕಷ್ಟವೇನೆಂಬುದು ವಾಚಕರಿಗೆ ಈಗ ಹೊಳೆದಿರಬೇಕು. ಸಂಖ್ಯೆ ನಕಲಾಗುವ ವಸ್ತು. ಬ್ಯಾಂಕನ್ನು ಕೇಳದಿದ್ದರೆ ಅದೇ ಹಣವನ್ನು ಒಬ್ಬನು ಬೆಳಗ್ಗೆ ಸಂತೆಯಲ್ಲಿಯೂ ಮಧ್ಯಾಹ್ನ ಹೋಟೆಲಿನಲ್ಲಿಯೂ ಕೊಡಬಹುದು. ಇದನ್ನು ತಡೆಯಲು ಮುಚ್ಚಿದ ಚಿಪ್ಪಿನೊಳಗೆ ಲೆಕ್ಕವನ್ನಿಟ್ಟು, ಕೊಟ್ಟಷ್ಟನ್ನು ಅದೇ ಕಳೆಯುವಂತೆ ಮಾಡುತ್ತಾರೆ. ಮುಚ್ಚಿದುದನ್ನು ಎಂದೋ ಒಬ್ಬ ಚತುರನು ತೆರೆದಾನೆಂಬ ಭಯ ಇದ್ದೇ ಇರುತ್ತದೆ. ಆದುದರಿಂದ ಮೊತ್ತಕ್ಕೆ ಕಡಿವಾಣ. ಸಂಪರ್ಕವಿಲ್ಲದ ಪಾವತಿಗೆ ೨೦೨೨ರ ಜನವರಿಯಲ್ಲಿ ರಿಜರ್ವ್ ಬ್ಯಾಂಕು ಗೊತ್ತುಮಾಡಿದ ಮಿತಿ ಒಂದು ಸಲಕ್ಕೆ ೨೦೦ ರೂಪಾಯಿ, ಒಟ್ಟಿಗೆ ೨೦೦೦. ಮುಂದೆ ಅದನ್ನು ಏರಿಸಿದ್ದಾರೆ. ಸಂತೆಯ ಸೊಪ್ಪಿಗೆ ಮೊದಲಿನ ಮಿತಿಯೇ ಸಾಕಾಗಿದ್ದಿತು. ತೋಟದ ಬಟವಾಡೆಗೆ ಏರಿಸಿದ ಮಿತಿಯೂ ಸಾಲದು.